ಈ ಸಲ ನೆಲವೇ ಡೊಂಕಾಗಿತ್ತು

ಅಮೆರಿಕದಲ್ಲಿ 2025ರ ಫುಟ್‌ಬಾಲ್ ಸೀಸನ್ ಶುರುವಾಗ್ತಿತ್ತು. ನಾವು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡ್ತಾರಲ್ಲ, ಅದು. ಆಗ ಅಲ್ಲಿ ಎಲ್ಲರ ಬಾಯಲ್ಲೂ ಇದ್ದ ಪ್ರಶ್ನೆ ಒಂದೇ. ಕನ್ಸಾಸ್ ಸಿಟಿ ಚೀಫ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆಟ ಮುಗೀತಾ?

ಪ್ರಶ್ನೆ ಹುಟ್ಟಿದ್ದು 2025ರ ಫೆಬ್ರವರಿ 9ರ ಸೂಪರ್ ಬೌಲ್ ಫೈನಲ್‌ನಲ್ಲಿ. ನಮ್ಮಲ್ಲಿ ಆಗ ಸೋಮವಾರ ಬೆಳಗಿನ ಜಾವ. ಚೀಫ್ಸ್ ಸತತ ಮೂರನೇ ಪ್ರಶಸ್ತಿ ಮೇಲೆ ಕಣ್ಣಿಟ್ಟಿತ್ತು. ಎದುರಾಳಿ ಫಿಲಡೆಲ್ಫಿಯಾ ಈಗಲ್ಸ್. ಅರ್ಧ ಆಟ ಮುಗಿದಾಗ 24-0. ಕೊನೆಗೆ 40-22. ಹೀನಾಯ ಸೋಲು.

ಆದ್ರೆ ಮಹೋಮ್ಸ್ ಅಂಕಿ-ಅಂಶ ನೋಡಿ. 257 ಗಜ, 3 ಟಚ್‌ಡೌನ್. ಪರವಾಗಿಲ್ವಲ್ಲ ಅನ್ಸುತ್ತೆ, ಅಲ್ವಾ? ಅಲ್ಲೇ ಇರೋದು ಮೋಸ. ಆ ಮೂರೂ ಟಚ್‌ಡೌನ್ ಬಂದಿದ್ದು ಸ್ಕೋರ್ 34-0 ಆದ ಮೇಲೆ! ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೊದಲರ್ಧದಲ್ಲಿ ಇಡೀ ತಂಡ ಮುಂದೆ ಹೋಗಿದ್ದು ಬರೀ 23 ಗಜ.

ಆತನ ತಪ್ಪಿಲ್ವಾ? ಖಂಡಿತ ಇದೆ. ಅದೇ ಮೊದಲರ್ಧದಲ್ಲಿ ಎರಡು ಸಲ ಚೆಂಡನ್ನು ಎದುರಾಳಿ ಕೈಗೇ ಎಸೆದ. ಒಂದನ್ನು ಕೂಪರ್ ಡಿಜೀನ್ 38 ಗಜ ಓಡಿ ಟಚ್‌ಡೌನ್ ಮಾಡಿದ. ಈ ಹೊರೆಯನ್ನು ಮಹೋಮ್ಸೇ ಹೊರಬೇಕು.

ಈಗ ಆತನ ಮುಂದೆ ನಿಂತಿದ್ದ ಐದು ಜನರನ್ನು ನೋಡೋಣ. ಇವರಿಗೆ ಆಫೆನ್ಸಿವ್ ಲೈನ್ ಅಂತಾರೆ. ಕ್ವಾರ್ಟರ್‌ಬ್ಯಾಕ್ ಕಣ್ಣಾಡಿಸಿ, ಯಾರಿಗೆ ಎಸೀಬೇಕು ಅಂತ ತೀರ್ಮಾನಿಸಲು ಬೇಕಾದ ಎರಡು-ಮೂರು ಸೆಕೆಂಡನ್ನು ಸಂಪಾದಿಸಿ ಕೊಡೋದು ಇವರ ಕೆಲಸ. ಅವತ್ತು ಈಗಲ್ಸ್ ಹೆಚ್ಚುವರಿ ಆಟಗಾರರನ್ನು ನುಗ್ಗಿಸಲೇ ಇಲ್ಲ. ನುಗ್ಗಿದ್ದು ನಾಲ್ವರೇ. ಉಳಿದ ಏಳು ಜನ ಹಿಂದೆ ನಿಂತು ಪಾಸ್ ಹೋಗೋ ದಾರಿಗಳನ್ನೆಲ್ಲ ಮುಚ್ಚಿದರು. ಆ ನಾಲ್ವರನ್ನು ಈ ಐವರಿಗೆ ತಡೆಯೋಕೆ ಆಗಲಿಲ್ಲ. ಮಹೋಮ್ಸ್ ಚೆಂಡು ಕೈಯಲ್ಲಿರುವಾಗಲೇ ಆರು ಸಲ ನೆಲಕ್ಕೆ ಬಿದ್ದ.

ಯಾಕೆ ಹೀಗಾಯ್ತು? ಎಸೆಯುವವನ ಬೆನ್ನ ಕಡೆ ಕಾಯೋ ಲೆಫ್ಟ್ ಟ್ಯಾಕಲ್ ಜಾಗಕ್ಕೆ ತಂಡದ ಹತ್ತಿರ ಸರಿಯಾದ ಆಳೇ ಇರಲಿಲ್ಲ. ಗಾರ್ಡ್ ಜಾಗದ ಜೋ ಥೂನಿಯನ್ನು ಅಲ್ಲಿ ನಿಲ್ಲಿಸಿದರು. ಆತನ ಜಾಗಕ್ಕೆ ಬದಲಿ ಆಟಗಾರ ಬಂದ. ಒಂದು ತೂತು ಮುಚ್ಚೋಕೆ ಹೋಗಿ ಎರಡಾಯ್ತು.

ಕುಣಿಯಲಾರದವನಿಗೆ ನೆಲ ಡೊಂಕು ಅಂತ ನೀವು ನಗಬಹುದು. ಸ್ವಲ್ಪ ತಾಳಿ, ಇತಿಹಾಸ ನೋಡಿ. 2021ರ ಫೈನಲ್‌ನಲ್ಲಿ ಚೀಫ್ಸ್‌ನ ಕಾಯಂ ಟ್ಯಾಕಲ್‌ಗಳಿಬ್ಬರೂ ಗಾಯಗೊಂಡು ಹೊರಗಿದ್ದರು. ಟ್ಯಾಂಪಾ ಬೇ ಎದುರು 31-9 ಸೋಲು, ಒಂದೂ ಟಚ್‌ಡೌನ್ ಇಲ್ಲ. ತಂಡ ಎಚ್ಚೆತ್ತು ಆ ಲೈನನ್ನು ಹೊಸದಾಗಿ ಕಟ್ಟಿತು. 2023ರ ಫೈನಲ್‌ನಲ್ಲಿ ಇದೇ ಈಗಲ್ಸ್ ಎದುರಾಯ್ತು. ಆ ಸೀಸನ್‌ನ ಲೀಗ್ ಪಂದ್ಯಗಳಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು 70 ಸಲ ಕೆಡವಿದ್ದ ತಂಡ ಅದು! ಮಹೋಮ್ಸ್‌ನನ್ನು ಎಷ್ಟು ಸಲ ಕೆಡವಿತು ಗೊತ್ತಾ? ಸೊನ್ನೆ. ಚೀಫ್ಸ್ 38-35ರಿಂದ ಗೆದ್ದಿತು, ಪಂದ್ಯಶ್ರೇಷ್ಠ ಮಹೋಮ್ಸ್. ಅದೇ ಮನುಷ್ಯ, ಅದೇ ಕೈ. ಬದಲಾಗಿದ್ದು ಮುಂದೆ ನಿಂತವರು.

ಹಾಗಾಗಿ ನಾನು ಹೇಳೋದಿಷ್ಟು. ಎರಡು ಕೆಟ್ಟ ಎಸೆತಗಳ ಲೆಕ್ಕ ಮಹೋಮ್ಸ್ ಕೊಡಲಿ. ಉಳಿದ ಲೆಕ್ಕವನ್ನು ತಂಡ ಕಟ್ಟಿದವರು ಕೊಡಬೇಕು. ಅವರಿಗೂ ಅದು ಗೊತ್ತು. ಮಾರ್ಚ್‌ನಲ್ಲಿ ಥೂನಿಯನ್ನು ಶಿಕಾಗೋ ತಂಡಕ್ಕೆ ಕಳಿಸಿದರು. ಏಪ್ರಿಲ್ ಡ್ರಾಫ್ಟ್‌ನ ಮೊದಲ ಸುತ್ತಲ್ಲೇ ಜೋಶ್ ಸಿಮನ್ಸ್ ಅನ್ನೋ ಟ್ಯಾಕಲ್‌ನನ್ನು ತಂದರು. ಕ್ವಾರ್ಟರ್‌ಬ್ಯಾಕ್ ಮಾತ್ರ ಅಲ್ಲೇ ಇದ್ದಾನೆ.

ಟಿವಿಯವನಾಗಿ ಒಂದು ಮಾತು. ನಮ್ಮ ಕ್ಯಾಮೆರಾ ಯಾವಾಗಲೂ ಚೆಂಡಿನ ಹಿಂದೆಯೇ ಓಡುತ್ತೆ. ಮುಂದಿನ ಪಂದ್ಯದಲ್ಲಿ ಮೊದಲ ಮೂರು ಸೆಕೆಂಡು ಚೆಂಡನ್ನು ಬಿಡಿ, ಆ ಐವರನ್ನು ನೋಡಿ. ಆಮೇಲೆ ತೀರ್ಪು ಕೊಡಿ.