ಒಂದೇ ಸಸಿಯ ಲೆಕ್ಕ: ಶ್ರೀ ಪದ್ಧತಿ ಮತ್ತು ನಮ್ಮ ಕೂರಿಗೆ ಭತ್ತ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ಎರಡು ಎಕರೆ ಹತ್ತು ಗುಂಟೆಯ ರೈತ. ಸಂಘಟಕರು ಬಂದು “ಭತ್ತದ ಹಳೆ ಪದ್ಧತಿ, ಹೊಸ ಪದ್ಧತಿ ಎರಡನ್ನೂ ಮಾಡಿದವರು ನೀವು, ಯಾವುದು ಮೇಲು ಅಂತ ಹೇಳಬೇಕು” ಅಂದರು. ಒಪ್ಪಿಕೊಂಡೆ. ಆದರೆ ಹೇಳುವುದು ಅಷ್ಟು ಸುಲಭವಲ್ಲ. ಒಮ್ಮೆ ಹೀಗೆಯೇ ಜನರ ಮುಂದೆ ಎದ್ದು ನಿಂತು “ಇದೇ ಮೇಲು” ಎಂದು ಹೇಳಿ ಒಬ್ಬರ ಮನೆಗೆ ನಷ್ಟ ತಂದವನು ನಾನು. ಆ ಮಾತನ್ನೂ ಇವತ್ತು ಹೇಳುತ್ತೇನೆ.

ಮೊದಲು ನಮ್ಮ ನೆಲದ ಮಾತು. ನಮ್ಮ ಜಿಲ್ಲೆಯಲ್ಲಿ ನವಲಗುಂದ, ಅಣ್ಣಿಗೇರಿ ಕಡೆಗೆ ಹೋದರೆ ಎರಿ ಹೊಲ. ಕಡಲೆ, ಜೋಳ, ಹತ್ತಿಯ ಸೀಮೆ. ಧಾರವಾಡದಿಂದ ಪಡುವಣಕ್ಕೆ, ನಮ್ಮ ಅಳ್ನಾವರದ ಕಡೆಗೆ, ಕಲಘಟಗಿಯ ಕಡೆಗೆ ಬಂದಂತೆ ಮಳೆ ಹೆಚ್ಚು, ಮಣ್ಣು ಬೇರೆ. ಇದು ಭತ್ತದ ಸೀಮೆ. ಭತ್ತ ಅಂದರೆ ದಕ್ಷಿಣದವರಿಗೆ ಕೆಸರುಗದ್ದೆ, ನಾಟಿ ಮಾಡುವ ಹೆಂಗಸರ ಸಾಲು ಕಣ್ಣಿಗೆ ಬರುತ್ತದೆ. ನಮಗೆ ಬರುವುದು ಕೂರಿಗೆ. ರೋಹಿಣಿ ಮಳೆಗೆ ಹೊಲ ಹದ ಮಾಡಿ, ಒಣ ಮಣ್ಣಿನಲ್ಲಿಯೇ ಕೂರಿಗೆಯಿಂದ ಬಿತ್ತಿ, ಸಸಿ ಎದ್ದ ಮೇಲೆ ಸಾಲಿನ ನಡುವೆ ಎಡೆಕುಂಟೆ ಹೊಡೆದು, ಆಮೇಲೆ ಬಂದ ಮಳೆಯ ನೀರನ್ನು ಒಡ್ಡಿನಲ್ಲಿ ತಡೆದು ಬೆಳೆಯುವ ಭತ್ತ ನಮ್ಮದು. ನಮ್ಮ ರೈಲು ಹಳಿಯ ಮೇಲೆಯೇ ಇರುವ ಮುಗದದಲ್ಲಿ ಭತ್ತದ ಸಂಶೋಧನಾ ಕೇಂದ್ರ ಮುಂಬೈ ಪ್ರಾಂತದ ಕಾಲದಿಂದ ಇದೆ. ಈ ಸೀಮೆಯ ಭತ್ತಕ್ಕೆ ಅಷ್ಟು ಹಳೆಯ ಮರ್ಯಾದೆ.

ಇನ್ನು ಹೊಸ ಪದ್ಧತಿ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಎಸ್.ಆರ್.ಐ. ನಮ್ಮವರ ಬಾಯಲ್ಲಿ ಅದು “ಶ್ರೀ ಪದ್ಧತಿ” ಆಯಿತು. ಹೆಸರು ಕೇಳಿದರೆ ನಮ್ಮ ಋಷಿಗಳು ಕೊಟ್ಟದ್ದು ಅನಿಸುತ್ತದೆ. ಹುಟ್ಟಿದ್ದು ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪದಲ್ಲಿ. ಮಕ್ಕಳೆ, ಈ ಕಥೆ ನಿಮಗಾಗಿ. ಆಂರಿ ದ ಲೋಲಾನಿಯೆ ಎಂಬ ಫ್ರಾನ್ಸಿನ ಪಾದ್ರಿಯೊಬ್ಬರು 1961ರಲ್ಲಿ ಅಲ್ಲಿಗೆ ಹೋದರು. ಬಡ ರೈತರ ಗದ್ದೆಗಳನ್ನು ಇಪ್ಪತ್ತು ವರ್ಷ ಕಣ್ಣಿಟ್ಟು ನೋಡಿದರು. ರೈತರ ಮಕ್ಕಳಿಗೆಂದು ಒಂದು ಶಾಲೆ ತೆರೆದರು. 1983ರಲ್ಲಿ ಮಳೆ ಕೈಕೊಟ್ಟಿತು. ತಿಂಗಳು ತುಂಬಿದ ಸಸಿ ನಾಟಿ ಮಾಡುವುದು ಅಲ್ಲಿಯ ರೂಢಿ. ಬೇರೆ ದಾರಿಯಿಲ್ಲದೆ ಅವರೂ ಶಾಲೆಯ ಹುಡುಗರೂ ಸೇರಿ ಹದಿನೈದೇ ದಿನದ ಎಳೆ ಸಸಿ ನಾಟಿ ಮಾಡಿದರು. ಮೊದಮೊದಲು ಗದ್ದೆ ನೋಡಿದರೆ ಬೆಳೆ ಹೋಯಿತು ಅನ್ನುವಂತಿತ್ತು. ತಿಂಗಳು ಕಳೆದ ಮೇಲೆ ನೋಡಿದರೆ ಒಂದೊಂದು ಸಸಿಯೂ ಯಾರೂ ಕಾಣದಷ್ಟು ತೆಂಡೆ ಒಡೆದಿತ್ತು. ಕಷ್ಟಕಾಲದಲ್ಲಿ ಶಾಲೆಯೊಂದರ ಹೊಲದಲ್ಲಿ ಹುಟ್ಟಿದ ವಿದ್ಯೆ ಇದು.

ಮುಂದೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪ್‌ಹಾಫ್ ಅವರು ಅದನ್ನು ದೇಶದೇಶಕ್ಕೆ ಮುಟ್ಟಿಸಿದರು. ನಮ್ಮ ದೇಶಕ್ಕೆ ತಮಿಳುನಾಡು, ಆಂಧ್ರಗಳ ಮೂಲಕ ಬಂತು.

ಪದ್ಧತಿ ಹೀಗಿದೆ. ಎಂಟರಿಂದ ಹನ್ನೆರಡು ದಿನದ, ಎರಡೇ ಎಲೆಯ ಸಸಿ. ಬೇರಿನ ಮಣ್ಣು ಉದುರದಂತೆ ಎತ್ತಿ, ಅರ್ಧ ತಾಸಿನೊಳಗೆ ಹಚ್ಚಬೇಕು. ಒಂದು ಕಡೆ ಒಂದೇ ಸಸಿ. ಗಂಟು ಕಟ್ಟಿದ ಹಗ್ಗ ಹಿಡಿದು ಎರಡೂ ದಿಕ್ಕಿಗೆ 25 ಸೆಂಟಿಮೀಟರ್ ಅಂತರ. ನೀರು ನಿಲ್ಲಿಸಬಾರದು, ಒಮ್ಮೆ ತೋಯಿಸಿ, ಸಣ್ಣಗೆ ಬಿರುಕು ಬಿಡುವ ತನಕ ಆರಿಸಿ, ಮತ್ತೆ ತೋಯಿಸಬೇಕು. ನೀರು ನಿಲ್ಲದಿದ್ದರೆ ಕಸ ಏಳುತ್ತದೆ. ಅದಕ್ಕಾಗಿ ಹತ್ತು ದಿನಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಕೋನೋ ವೀಡರ್ ಉರುಳಿಸಿ ಕಸವನ್ನು ಮಣ್ಣಿನೊಳಗೇ ತುಳಿಸಬೇಕು. ತಿಪ್ಪೆಗೊಬ್ಬರ ಧಾರಾಳ ಹಾಕಬೇಕು.

ಇದರ ಹಿಂದಿನ ತರ್ಕ ಸರಳ. ಭತ್ತ ನೀರನ್ನು ತಾಳಿಕೊಳ್ಳುವ ಗಿಡ, ನೀರೇ ಬೇಕೆಂದು ಹಟ ಮಾಡುವ ಗಿಡವಲ್ಲ. ಬೇರಿಗೆ ಗಾಳಿ ಸಿಕ್ಕರೆ ಬೇರು ಬೆಳ್ಳಗೆ, ಆಳಕ್ಕೆ ಇಳಿಯುತ್ತದೆ. ಎಳೆಯದರಲ್ಲಿ ಹಚ್ಚಿದರೆ ತೆಂಡೆ ಒಡೆಯುವ ದಿನಗಳು ಮಡಿಯಲ್ಲಿ ವ್ಯರ್ಥವಾಗುವುದಿಲ್ಲ.

ಬೀಜದ ಲೆಕ್ಕ ನೋಡಿ. ಕೂರಿಗೆಗೆ ನಾವು ಎಕರೆಗೆ 25-30 ಕಿಲೋ ಹಾಕುತ್ತೇವೆ. ಶ್ರೀ ಪದ್ಧತಿಗೆ 2 ಕಿಲೋ. ಸುಳ್ಳು ಅನಿಸಿದರೆ ಎಣಿಸಿ. ಒಂದು ಚದರ ಮೀಟರಿನಲ್ಲಿ 16 ಸಸಿ. ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಅಂದರೆ 64,000 ಸಸಿ. ಸಾವಿರ ಭತ್ತದ ಕಾಳು 20-25 ಗ್ರಾಂ ತೂಗುತ್ತವೆ. 2 ಕಿಲೋದಲ್ಲಿ 80 ಸಾವಿರದಿಂದ ಲಕ್ಷ ಕಾಳು. ಮೊಳಕೆ ಚೆನ್ನಾಗಿದ್ದರೆ ಸಾಕು. ಮಕ್ಕಳೆ, ಗಣಿತ ಯಾಕೆ ಬೇಕು ಅಂತ ಕೇಳುತ್ತೀರಲ್ಲ, ಇದಕ್ಕೆ ಬೇಕು.

ಈಗ ನನ್ನ ಹೊಲಕ್ಕೆ ಬರೋಣ. ಸುಮಾರು ಹದಿನೈದು ವರ್ಷದ ಹಿಂದೆ ತರಬೇತಿಯೊಂದಕ್ಕೆ ಹೋಗಿ ಬಂದೆ. ತಲೆಯಲ್ಲಿ ಇದೇ ಗುಂಗು. ಹಳ್ಳದ ದಂಡೆಯ ತಗ್ಗಿನ ಹೊಲದಲ್ಲಿ ಹತ್ತು ಗುಂಟೆಗೆ ಹಚ್ಚಿದೆ. ಅಪ್ಪ ಒಡ್ಡಿನ ಮೇಲೆ ಕುಳಿತು ನೋಡಿ, “ತಮ್ಮಾ, ಇಷ್ಟ್ ಕೂಸಿನಂಥಾ ಸಸಿ ಹಚ್ಚಿದ್ರ ಬದುಕ್ತಾವೇನೋ? ಹೊಲ ನೋಡಿದ್ರ ಬಿತ್ತೂದು ಮರತಾರ ಅನಸ್ತೈತಿ” ಅಂದರು. ದಾರಿಯಲ್ಲಿ ಹೋಗುವವರೂ ನಕ್ಕರು. ಪುನರ್ವಸು ಮಳೆ ಹಿಡಿಯಿತು. ಮೂರು ದಿನ ಹಳ್ಳ ಹೊಲದಲ್ಲೇ ಹರಿಯಿತು. ಗೇಣುದ್ದವೂ ಇಲ್ಲದ ಸಸಿ ಮುಳುಗಿ ಕೊಳೆತವು. ಪಕ್ಕದ ಕೂರಿಗೆ ಭತ್ತ ಆಗಲೇ ಮೊಣಕಾಲಿಗೆ ಬಂದಿತ್ತು, ಅದಕ್ಕೆ ಏನೂ ಆಗಲಿಲ್ಲ.

ಮರುವರ್ಷ ಮೇಲಿನ ಪಟ್ಟಿಯಲ್ಲಿ, ಬಾವಿಯ ನೀರು ಮುಟ್ಟುವ ಕಡೆ, ಬಸಿಗಾಲುವೆ ತೆಗೆದು ಹಚ್ಚಿದೆ. ಮನೆಯ ತಿಪ್ಪೆಗೊಬ್ಬರ ಎಲ್ಲ ಅಲ್ಲಿಗೇ ಹಾಕಿದೆ. ದಿನಕ್ಕೆ ಎರಡು ಸಲ ಹೋಗಿ ನೋಡಿದೆ. ಆ ವರ್ಷ ಒಂದೊಂದು ಬುಡಕ್ಕೆ ಮೂವತ್ತರ ಮೇಲೆ ತೆಂಡೆ. ನೋಡಲು ಜನ ಬಂದರು. ಅಪ್ಪನೇ ಒಂದು ಬುಡ ಕಿತ್ತು ತಂದು ಬಾಗಿಲಿಗೆ ಕಟ್ಟಿದರು. ಊರ ಗುಡಿಯ ಮುಂದೆ ಒಂದು ಸಭೆ ಆಯಿತು. ನಾನು ಎದ್ದು, “ಎಲ್ಲರೂ ಇದನ್ನೇ ಮಾಡಿ, ಕೂರಿಗೆ ಅಟ್ಟಕ್ಕೆ ಹಾಕಿ” ಅಂದುಬಿಟ್ಟೆ.

ನನ್ನ ಮಾತು ನಂಬಿದವರು ನಮ್ಮ ಓಣಿಯ ಕಾಕಾ ಒಬ್ಬರು. ಹೆಸರು ಬೇಡ. ಅವರಿಗಿದ್ದದ್ದೇ ಒಂದು ಎಕರೆ ಚಿಲ್ಲರೆ. ಬಾವಿ ಇಲ್ಲ, ಮಳೆಯೇ ಗತಿ. ಪೂರ್ತಿ ಎಕರೆಗೆ ಶ್ರೀ ಪದ್ಧತಿ ಹಚ್ಚಿದರು. ಆ ವರ್ಷ ನಾಟಿಯಾದ ಮೇಲೆ ಮಳೆ ಬಿಡುವು ಕೊಟ್ಟಿತು. ನೆಲ ಗಟ್ಟಿಯಾಯಿತು, ವೀಡರ್ ಉರುಳಲಿಲ್ಲ. ಕಸ ಸಸಿಗಿಂತ ಎತ್ತರ ಬೆಳೆಯಿತು. ಕೈಯಿಂದ ತೆಗೆಸಲು ಆಳಿನ ಪಗಾರಕ್ಕೆ ದುಡ್ಡು ಸಾಲದೆ ಒಂದು ಎತ್ತು ಮಾರಿದರು. ಸುಗ್ಗಿಯಲ್ಲಿ ಬಂದದ್ದು ಮನೆಯ ಊಟಕ್ಕೂ ಸಾಲಲಿಲ್ಲ.

ನಾನು ಅವರ ಮನೆಗೆ ಹೋಗಿ ತಲೆ ತಗ್ಗಿಸಿ ಕುಳಿತೆ. ಕಾಕಾ ಬಯ್ಯಲಿಲ್ಲ. ಚಹಾ ಕೊಡಿಸಿ, “ನೀ ಹೇಳಿದ್ದು ಸುಳ್ಳಲ್ಲಪಾ. ನನ್ನ ಹೊಲ ನಿನ್ನ ಹೊಲ ಅಲ್ಲ, ಅಷ್ಟ” ಅಂದರು. ಈ ಒಂದು ಮಾತಿನಲ್ಲಿ ಇರುವಷ್ಟು ಕೃಷಿ ವಿಜ್ಞಾನ ನನ್ನ ತರಬೇತಿಯ ಪುಸ್ತಕದಲ್ಲಿ ಇರಲಿಲ್ಲ.

ಆಮೇಲೆ ನಾನು ಲೆಕ್ಕ ಸರಿಯಾಗಿ ಮಾಡಲು ಕಲಿತೆ. ಕಲಿಸಿದವಳು ಇದೇ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ ಓದುತ್ತಿದ್ದ ನನ್ನ ಮಗಳು. ವಿಜ್ಞಾನದ ಗುರುಗಳು ಅವಳಿಗೆ ಒಂದು ಮೀಟರ್ ಉದ್ದಗಲದ ಬಿದಿರಿನ ಚೌಕಟ್ಟು ಮಾಡಿಸಿ, ಎರಡೂ ಹೊಲದಲ್ಲಿ ಇಟ್ಟು ತೆನೆ ಎಣಿಸು ಅಂದಿದ್ದರು. ಅವಳು ಎಣಿಸಿ ಬಂದು, “ಅಪ್ಪಾ, ಬುಡ ನೋಡಿದ್ರ ನಿಂದು ದೊಡ್ಡದು. ಚೌಕಟ್ಟಿನಾಗ ನೋಡಿದ್ರ ಅಷ್ಟ್ ಫರಕ್ ಇಲ್ಲ” ಅಂದಳು. ನಿಜ. ನನ್ನ ಹೊಲದಲ್ಲಿ ಬುಡ ದಪ್ಪ, ಆದರೆ ಬುಡಗಳು ಕಡಿಮೆ. ನಾವು ಮಾರುವುದು ಬುಡವನ್ನಲ್ಲ, ಎಕರೆಯ ಕಾಳನ್ನು. ಮತ್ತೆ ಆಕೆ ಕೇಳಿದಳು, “ಗೊಬ್ಬರ ಎರಡೂ ಕಡೆ ಒಂದೇ ಸಮ ಹಾಕಿದ್ದೇನು?” ನನ್ನ ಬಾಯಿ ಕಟ್ಟಿತು. ಒಂದು ಮಗುವಿಗೆ ತುಪ್ಪ ಬಡಿಸಿ, ಇನ್ನೊಂದಕ್ಕೆ ಗಂಜಿ ಕೊಟ್ಟು, ಕುಸ್ತಿಗೆ ಬಿಟ್ಟ ಹಾಗಾಗಿತ್ತು ನನ್ನ ಹೋಲಿಕೆ.

ದೊಡ್ಡ ವಿಜ್ಞಾನಿಗಳ ಜಗಳವೂ ಇದೇ. ಬಿಹಾರದ ನಾಲಂದಾ ಜಿಲ್ಲೆಯ ದರ್ವೇಶಪುರದಲ್ಲಿ 2011ರಲ್ಲಿ ಈ ಪದ್ಧತಿಯಿಂದ ಹೆಕ್ಟೇರಿಗೆ 22.4 ಟನ್ ಭತ್ತ ಬಂತೆಂದು ಸುದ್ದಿಯಾಯಿತು. ಹೈಬ್ರಿಡ್ ಭತ್ತದ ಪಿತಾಮಹ ಎನಿಸಿದ ಚೀನಾದ ಯುವಾನ್ ಲಾಂಗ್‌ಪಿಂಗ್ ಅದನ್ನು ನಂಬಲಿಲ್ಲ. ಕಾರ್ನೆಲ್‌ನವರೇ ಆದ ಮೂವರು ವಿಜ್ಞಾನಿಗಳು 2006ರಲ್ಲಿ ಹಲವು ದೇಶಗಳ ಪ್ರಯೋಗಗಳನ್ನು ಕೂಡಿಸಿ ನೋಡಿದರು. ಬೇರೆ ಪದ್ಧತಿಯನ್ನೂ ಅಷ್ಟೇ ಕಾಳಜಿಯಿಂದ ಮಾಡಿದ್ದರೆ, ಮಡಗಾಸ್ಕರ್ ಬಿಟ್ಟು ಉಳಿದ ಕಡೆ ಶ್ರೀ ಪದ್ಧತಿಯ ಇಳುವರಿ ಹೆಚ್ಚಿಲ್ಲ ಎಂದರು. ಅಪ್‌ಹಾಫ್ ಅವರ ಕಡೆಯವರು, ಇದು ಬರೀ ಇಳುವರಿಯ ಮಾತಲ್ಲ. ಬೀಜ, ನೀರು ಉಳಿಯುವುದನ್ನೂ ಲೆಕ್ಕ ಹಿಡಿಯಿರಿ ಎಂದರು. ಎರಡೂ ಕಡೆ ಹುರುಳಿದೆ. ನೀರು ನಿಂತ ಗದ್ದೆಯಿಂದ ಮೀಥೇನ್ ಅನಿಲ ಏಳುತ್ತದೆ, ಆಗಾಗ ಆರಿಸಿದರೆ ಅದು ಕಡಿಮೆ ಆಗುತ್ತದೆ ಎಂಬುದೂ ಖರೆ.

ಹಾಗಾದರೆ ನಮ್ಮಂಥ ಸಣ್ಣ ರೈತರು ಏನು ಮಾಡಬೇಕು? ನನ್ನ ಅನುಭವಕ್ಕೆ ಬಂದದ್ದನ್ನು ಹೇಳುತ್ತೇನೆ.

ನೀರು ನಿಮ್ಮ ಕೈಯಲ್ಲಿದ್ದರೆ, ಬೇಕಾದಾಗ ಬಿಡಲು, ಬೇಡವಾದಾಗ ಬಸಿಯಲು ಬರುವಂತಿದ್ದರೆ, ಮನೆಯಲ್ಲಿ ದುಡಿಯುವ ಕೈ ಇದ್ದರೆ, ಶ್ರೀ ಪದ್ಧತಿ ಮಾಡಿ. ಮೊದಲ ವರ್ಷ ಐದು ಗುಂಟೆ ಸಾಕು. ತಗ್ಗಿನ ಹೊಲದಲ್ಲಿ ಬೇಡ. ಮಳೆಯೊಂದನ್ನೇ ನಂಬಿದ ಹೊಲದಲ್ಲಿ ಪೂರ್ತಿ ಎಕರೆಗೆ ಬೇಡವೇ ಬೇಡ.

ಕೂರಿಗೆ ಭತ್ತದವರು ಕೀಳರಿಮೆ ಪಡಬೇಕಾಗಿಲ್ಲ. ಸರಿಯಾಗಿ ನೋಡಿದರೆ ನಮ್ಮ ಕೂರಿಗೆ ಭತ್ತ ಅರ್ಧ ಶ್ರೀ ಪದ್ಧತಿಯೇ. ಮೊದಲ ತಿಂಗಳು ನೀರು ನಿಲ್ಲುವುದಿಲ್ಲ, ಬೇರಿಗೆ ಗಾಳಿ ಇದೆ, ಸಾಲಿನ ನಡುವೆ ಎಡೆಕುಂಟೆ ಓಡುತ್ತದೆ, ಸಸಿ ಕಿತ್ತು ಹಚ್ಚುವ ಪೆಟ್ಟೇ ಇಲ್ಲ. ದೂರದ ಮಾತು ಯಾಕೆ, ನೆರೆಯ ಹಾವೇರಿ ಜಿಲ್ಲೆಯ ರೈತರು ಗುಳಿ ರಾಗಿ ಬೆಳೆಯುತ್ತಾರೆ. ಎರಡೂ ದಿಕ್ಕಿಗೆ ಗೆರೆ ಹೊಡೆದು, ಗೆರೆ ಕೂಡುವಲ್ಲಿ ಗುಳಿ ಮಾಡಿ, ಗೊಬ್ಬರ ಹಾಕಿ, ಎಳೆ ಸಸಿ ಹಚ್ಚಿ, ಮೇಲೆ ಕೊರಡು ಎಳೆದು ತೆಂಡೆ ಬರಿಸುತ್ತಾರೆ. ಅಂತರ ಕೊಟ್ಟರೆ ಗಿಡ ಹಿಗ್ಗುತ್ತದೆ ಎಂಬುದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು.

ಆದ್ದರಿಂದ ನಾನು ಈಗ ಮೇಲಿನ ಪಟ್ಟಿಯಲ್ಲಿ ಮಾತ್ರ ಶ್ರೀ ಪದ್ಧತಿ ಇಟ್ಟುಕೊಂಡಿದ್ದೇನೆ. ಉಳಿದದ್ದು ಕೂರಿಗೆ. ಆದರೆ ಕೂರಿಗೆಯಲ್ಲೂ ಬೀಜ ಕಡಿಮೆ ಮಾಡಿದ್ದೇನೆ, ಉಪ್ಪುನೀರಿನಲ್ಲಿ ಹಾಕಿ ಜೊಳ್ಳು ತೆಗೆದು ತೊಳೆದು ಒಣಗಿಸಿ ಬಿತ್ತುತ್ತೇನೆ, ಎಡೆಕುಂಟೆ ಒಂದು ಸಲ ಹೆಚ್ಚು ಹೊಡೆಯುತ್ತೇನೆ, ಸೆಣಬು ಬೆಳೆದು ಮಣ್ಣಿಗೆ ಸೇರಿಸುತ್ತೇನೆ. ಹೊಸದರಿಂದ ಕಲಿತದ್ದನ್ನು ಹಳೆಯದಕ್ಕೆ ಕೂಡಿಸಿದ್ದೇನೆ.

ಇನ್ನೊಂದು ಮಾತು, ಇದನ್ನು ಗಂಡಸರು ಕೇಳಬೇಕು. ನನ್ನ ಅವ್ವ ನಲವತ್ತು ವರ್ಷ ಭತ್ತದ ಹೊಲದಲ್ಲಿ ಬಗ್ಗಿ ಕಸ ತೆಗೆದಳು. ಕೊನೆಗೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ವೀಡರ್ ಬಂದ ಮೇಲೆ ನಾನು ನಿಂತುಕೊಂಡೇ ಕಸ ತುಳಿಸಿದೆ. ಯಾವ ಪದ್ಧತಿ ಮೇಲು ಎಂದು ಕೇಳುವಾಗ ಎಷ್ಟು ಚೀಲ ಎಂದಷ್ಟೇ ಕೇಳಬೇಡಿ. ಯಾರ ಬೆನ್ನಿನ ಮೇಲೆ ಎಂದೂ ಕೇಳಿ.

ಇವತ್ತು ನಮ್ಮ ಕಡೆ ಭತ್ತದ ಹೊಲಗಳು ಕಬ್ಬಿಗೆ, ಗೋವಿನಜೋಳಕ್ಕೆ ತಿರುಗುತ್ತಿವೆ. ತಿರುಗಿಸಿದವರನ್ನು ದೂರುವುದಿಲ್ಲ, ಅವರಿಗೂ ಮನೆ ನಡೆಯಬೇಕು. ಆದರೆ ಮಕ್ಕಳೆ, ನಾಳೆ ಯಾರೇ ಬಂದು, ನಾನೇ ಬಂದರೂ ಸರಿ, “ಇದೇ ಮೇಲು” ಎಂದರೆ ಮೂರು ಪ್ರಶ್ನೆ ಕೇಳಿ. ಯಾರ ಹೊಲದಲ್ಲಿ? ಯಾವ ನೀರಿನಲ್ಲಿ? ಎರಡೂ ಕಡೆ ಗೊಬ್ಬರ ಒಂದೇ ಸಮವೇ? ಹೀಗೆ ಕೇಳುವುದನ್ನು ಕಲಿಸಿದ್ದು ಈ ಶಾಲೆ. ನನಗೆ ಕಲಿಸಿದಾಗ ನಾನು ಸರಿಯಾಗಿ ಕಲಿಯಲಿಲ್ಲ, ನನ್ನ ಮಗಳು ಕಲಿತಳು.

ಆ ಕಾಕಾ ಈಗ ಇಲ್ಲ. ಅವರ ಮೊಮ್ಮಗ ಇಲ್ಲಿ ಎಂಟನೆಯ ತರಗತಿಯಲ್ಲಿದ್ದಾನೆ. ಅವರ ಎಕರೆಯಲ್ಲಿ ಈ ವರ್ಷವೂ ಕೂರಿಗೆ ಭತ್ತ ಎದ್ದಿದೆ. ಮಿರಗದ ಹೊತ್ತಿಗೆ ಸಾಲು ನೆಟ್ಟಗೆ ಕಾಣುತ್ತಿತ್ತು. ನಾನು ದಾರಿಯಲ್ಲಿ ನಿಂತು ನೋಡಿ ಬಂದೆ.