ಪ್ರಶ್ನೆ ಯಾರ ಕಡೆಗೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಓದುಕೂಟದಲ್ಲಿ ಆಡಿದ ಮಾತಿನ ಬರಹ)



ಗೈಡು ಅಂದ ತಕ್ಷಣ ನಮಗೆ ನೆನಪಾಗೋದು ಪರೀಕ್ಷೆಗೆ ಹದಿನೈದು ದಿನ ಇರುವಾಗ ಸಾಲ ಮಾಡಿ ತಂದು, ರೂಮಿನಲ್ಲಿ ನಾಲ್ಕು ಜನ ಹರಿದು ಹಂಚಿಕೊಂಡು ಓದುವ ಗೈಡು. ಪ್ರಶ್ನೆಯೂ ಅದರಲ್ಲೇ, ಉತ್ತರವೂ ಅದರಲ್ಲೇ. ಇವತ್ತು ನಾವು ಮಾತಾಡೋದು ಉತ್ತರ ಕೊಡದ ಗೈಡಿನ ಬಗ್ಗೆ. ಒಂದು ಪುಸ್ತಕ, ಅದರ ಜೊತೆಗೆ ಒಂದು ಹಾಳೆಯಷ್ಟು ಪ್ರಶ್ನೆ. ಇಷ್ಟನ್ನು ಇಟ್ಟುಕೊಂಡು ಕ್ಲಾಸಿನ ಪಾಠಕ್ಕೆ ಹೇಗೆ ಬಲ ಕೊಡಬಹುದು ಅನ್ನೋದು ವಿಷಯ.

ನಾವು ಹೈಸ್ಕೂಲಿನಲ್ಲಿದ್ದಾಗ ಅಸ್ಪೃಶ್ಯತೆಯ ಪಾಠ ಬಂತು. ಮೇಷ್ಟ್ರು ಕೆಟ್ಟವರಲ್ಲ. ಪಾಠ ಓದಿ ಮುಗಿಸಿ, ನಮ್ಮ ಬೆಂಚಿನ ಕಡೆ ತಿರುಗಿ, "ನಿಮ್ಮ ಕೇರಿ ಕಡೆ ಈಗಲೂ ಹೀಗೇ ಇದೆಯೇನ್ರೋ?" ಅಂದರು. ಇಡೀ ಕ್ಲಾಸು ನಮ್ಮತ್ತ ನೋಡಿತು. ನಾವು "ಇಲ್ಲ ಸಾರ್" ಅಂದೆವು. ಅದು ಸುಳ್ಳು. ನಮ್ಮೂರ ಹೋಟೆಲಿನಲ್ಲಿ ನಮ್ಮಪ್ಪಂದಿರಿಗೆ ಲೋಟ ಬೇರೆ ಇತ್ತು, ಕುಡಿದ ಮೇಲೆ ತಾವೇ ತೊಳೆದಿಡಬೇಕಿತ್ತು. ಅದನ್ನು ಐವತ್ತು ಜನರ ಮುಂದೆ ಎದ್ದುನಿಂತು ಹೇಳೋಕೆ ಯಾವ ಹುಡುಗನಿಗೆ ಬಾಯಿ ಬರ್ತದೆ? ಪಾಠ ಮುಗೀತು. ಪರೀಕ್ಷೆಯಲ್ಲಿ ಎರಡು ಮಾರ್ಕಿನ ಪ್ರಶ್ನೆ ಬಂತು, ಎರಡಕ್ಕೆ ಎರಡೂ ಸಿಕ್ಕಿತು!

ಪಾಠ ಸರಿಯಾಗೇ ಇತ್ತು. ಪ್ರಶ್ನೆ ಮಾತ್ರ ತಪ್ಪು ಬೆಂಚಿಗೆ ಬಂದಿತ್ತು.

ಬಾಬಾಸಾಹೇಬರು 1930ರ ದಶಕದಲ್ಲಿ ಬರೆದ 'ವೇಟಿಂಗ್ ಫಾರ್ ಎ ವೀಸಾ' ಅಂತ ಒಂದು ಸಣ್ಣ ಬರಹ ಇದೆ. ಅವರಿದ್ದಾಗ ಅಚ್ಚಾಗಲಿಲ್ಲ. 1990ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಪುಸ್ತಿಕೆ ಮಾಡಿತು, 1993ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಂಪುಟ 12ರಲ್ಲಿ ಸೇರಿತು. ಅವರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೇ ಅದನ್ನು ಪಾಠಕ್ಕಿಟ್ಟಿದ್ದಾರೆ. 2006ರಲ್ಲಿ ಬಂದ ಎನ್‌ಸಿಇಆರ್‌ಟಿ ಆರನೇ ತರಗತಿಯ ಪುಸ್ತಕದಲ್ಲಿ ಅದರ ಒಂದು ತುಣುಕಿತ್ತು. ಓದೋಕೆ ಇದರಿಂದಲೇ ಶುರು ಮಾಡೋಣ ಅಂತ ನಮ್ಮ ಆಸೆ.

ಕಥೆ ಇಷ್ಟೇ. 1901ರ ಸುಮಾರು. ತಂದೆ ಗೋರೆಗಾಂವ್‌ನಲ್ಲಿ ಕ್ಯಾಷಿಯರ್. ಬೇಸಿಗೆ ರಜಕ್ಕೆ ಮಕ್ಕಳು ಸಾತಾರದಿಂದ ರೈಲು ಹತ್ತಿ ಮಸೂರ್ ಸ್ಟೇಷನ್ನಿನಲ್ಲಿ ಇಳೀತಾರೆ. ಹೊಸ ಅಂಗಿ, ಜರಿ ಟೋಪಿ. ಕರೆದೊಯ್ಯಲು ಯಾರೂ ಬಂದಿರಲ್ಲ, ಬರೆದ ಕಾಗದ ತಂದೆಯ ಕೈ ಸೇರಿರಲಿಲ್ಲ. ಸ್ಟೇಷನ್ ಮಾಸ್ಟರು ಬಂದು ವಿಚಾರಿಸ್ತಾನೆ, ಬ್ರಾಹ್ಮಣರ ಮಕ್ಕಳು ಅಂದುಕೊಂಡು ಕನಿಕರಪಡ್ತಾನೆ. ಭೀಮರಾವ್ ಯೋಚನೆ ಮಾಡದೆ "ಮಹಾರರು" ಅಂದುಬಿಡ್ತಾನೆ. ಅವನ ಮುಖವೇ ಬದಲಾಗ್ತದೆ, ಎದ್ದು ಹೊರಟುಹೋಗ್ತಾನೆ. ಗಾಡಿಯವರು ಯಾರೂ ಒಪ್ಪಲ್ಲ. ಕೊನೆಗೊಬ್ಬ ಒಪ್ಪಿದ: ಬಾಡಿಗೆ ಎರಡು ಪಟ್ಟು, ಗಾಡಿ ಹೊಡೆಯೋರು ಮಕ್ಕಳು, ಅವನು ಪಕ್ಕದಲ್ಲಿ ನಡೆದು ಬರೋನು. ರಾತ್ರಿ ಬುತ್ತಿ ಇತ್ತು, ಆದರೆ ನೀರಿಲ್ಲ. ಸುಂಕದ ಕಟ್ಟೆಯಲ್ಲಿ ಮುಸಲ್ಮಾನರು ಅಂತ ಹೇಳಿ, ಉರ್ದುವಿನಲ್ಲೇ ಮಾತಾಡಿದರೂ ನೀರು ಸಿಗಲಿಲ್ಲ. ಉಪವಾಸ ಮಲಗಿದರು.

ಇದನ್ನ ಓದಿ ಸುಮ್ಮನೆ ಕೂತರೆ ಅಯ್ಯೋ ಪಾಪ ಅಂತ ಮುಗಿದುಹೋಗ್ತದೆ. ಅದಕ್ಕೇ ಪ್ರಶ್ನೆಯ ಹಾಳೆ. ಅಂಗಿ ಅದೇ, ಟೋಪಿ ಅದೇ, ಮಕ್ಕಳೂ ಅವರೇ. ಒಂದು ಮಾತು ಕೇಳಿದ ಮೇಲೆ ಸ್ಟೇಷನ್ ಮಾಸ್ಟರನ ಕಣ್ಣಿಗೆ ಬೇರೆಯಾಗಿ ಕಂಡದ್ದು ಏನು? ಗಾಡಿಯವನಿಗೆ ದುಡ್ಡು ಮೈಲಿಗೆ ಆಗಲಿಲ್ಲ, ಪಕ್ಕದಲ್ಲಿ ಕೂತರೆ ಮೈಲಿಗೆ ಹೇಗಾಯಿತು? ಅವನೂ ಬಡವನೇ ಅಲ್ಲವೇ? (ಈ ಪ್ರಶ್ನೆಯ ಮೇಲೆ ನಮ್ಮ ರೂಮಿನಲ್ಲಿ ರಾತ್ರಿ ಒಂದು ಗಂಟೆವರೆಗೂ ಜಗಳ ಆಯಿತು, ಇನ್ನೂ ಮುಗಿದಿಲ್ಲ.) ಸ್ಟೇಷನ್ನಿನಲ್ಲಿ ನಿಜ ಹೇಳಿದ ಹುಡುಗ ಸುಂಕದ ಕಟ್ಟೆಯಲ್ಲಿ ಸುಳ್ಳು ಹೇಳಿದ. ಅಷ್ಟು ಹೊತ್ತಿನಲ್ಲಿ ಅವನು ಕಲಿತದ್ದು ಏನು? ಸಂವಿಧಾನದ 17ನೇ ವಿಧಿ ಅಂತ ನಾವೆಲ್ಲ ಬಾಯಿಪಾಠ ಮಾಡಿದೀವಲ್ಲ, ಅದು ಈ ಗಾಡಿಯ ಹತ್ತಿರ ನಿಂತಿದ್ದರೆ ಯಾರನ್ನ ಹಿಡೀತಿತ್ತು?

ಈ ಪ್ರಶ್ನೆಗಳಲ್ಲಿ ಒಂದೂ ನಮ್ಮ ಬೆಂಚಿನ ಕಡೆ ತಿರುಗಲ್ಲ, ಗಮನಿಸಿ. ಸ್ಟೇಷನ್ ಮಾಸ್ಟರನ ಕಡೆ ತಿರುಗ್ತವೆ. ಕ್ಲಾಸಿನ ಪ್ರತಿಯೊಬ್ಬನೂ ಉತ್ತರ ಹುಡುಕಬೇಕಾಗ್ತದೆ, ಮುಂದಿನ ಬೆಂಚಿನವನೂ ಸೇರಿ. ಹಾಳೆಯ ತಲೆಯಲ್ಲೇ ಒಂದು ಮಾತು ಬರೆಯಿರಿ: ಯಾರನ್ನೂ ಅವರ ಸ್ವಂತ ಕಥೆ ಹೇಳು ಅಂತ ಒತ್ತಾಯ ಮಾಡಬಾರದು. ತಾನಾಗಿ ಹೇಳಿದರೆ ಕೇಳಬೇಕು, ನಗಬಾರದು.

ಪಾಠ ಬರೋಕೆ ಒಂದು ವಾರ ಮುಂಚೆ ಹಾಸ್ಟೆಲಿನಲ್ಲಿ ಓದಿ. ಒಬ್ಬ ಗಟ್ಟಿಯಾಗಿ ಓದಲಿ, ಉಳಿದವರು ತಿಳಿಯದ ಪದಕ್ಕೆ ಗೆರೆ ಹಾಕಲಿ. ಓದೋಕೆ ತಡವರಿಸೋ ಹುಡುಗನಿಗೆ ಮೊದಲು ಪುಸ್ತಕ ಕೊಡಿ, ಯಾಕಂದರೆ ಕ್ಲಾಸಿನಲ್ಲಿ ಅವನಿಗೆ ಸರದಿ ಬರೋದೇ ಇಲ್ಲ. ಆಮೇಲೆ ಹಾಳೆ ತಗೊಂಡು ಹೋಗಿ ಮೇಷ್ಟ್ರ ಕೈಗೆ ಕೊಡಿ. "ಸಾರ್, ಇದನ್ನ ಕ್ಲಾಸಿನಲ್ಲಿ ಕೇಳ್ತೀರಾ?" ಅನ್ನಿ. ಕೆಲವರು ಸಿಡುಕ್ತಾರೆ. ಕೆಲವರು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು, ಎರಡು ದಿನ ಬಿಟ್ಟು ಕೇಳ್ತಾರೆ. ಅಂಥ ಮೇಷ್ಟ್ರನ್ನೂ ನಾವು ನೋಡಿದೀವಿ.

"ನಮ್ಮ ಓದೇ ನಮಗೆ ಬೆಟ್ಟದಷ್ಟಿದೆ, ಮೇಲ್ಜಾತಿ ಹುಡುಗರಿಗೂ ನಾವೇ ಪಾಠ ಹೇಳಬೇಕೇ?" ಅಂತ ಒಬ್ಬ ಗೆಳೆಯ ಕೇಳಿದ. ಅವನ ಸಿಟ್ಟು ನ್ಯಾಯವಾದದ್ದು. ಆದರೆ ಪಾಠ ಹೇಗೂ ನಡೀತದೆ, ನಾವು ಬೆಂಚಿನಲ್ಲಿ ಹೇಗೂ ಕೂತಿರ್ತೀವಿ. "ಇಲ್ಲ ಸಾರ್" ಅಂತ ನಾವು ಹೇಳಿದ ಸುಳ್ಳನ್ನ ಇನ್ನೊಬ್ಬ ಹುಡುಗ ಹೇಳೋ ಹಾಗೆ ಆಗಬಾರದು, ನಮಗೆ ಬೇಕಾಗಿರೋದು ಅಷ್ಟೇ.

ಊಟದ ಗಂಟೆ ಹೊಡೆಯೋಕೆ ಇನ್ನೂ ಅರ್ಧ ಗಂಟೆ ಇದೆ. ಮೊದಲ ಪುಟ ಯಾರು ಓದ್ತೀರಿ?