ಮೂರು ಮನೆಯ ಮಾತು



ರಾಜ್ಯೋತ್ಸವದ ದಿನ ಮಾತಿಗೆ ನಿಂತವರು ಪಂಪನಿಂದ ಮೊದಲಿಡುವುದು ವಾಡಿಕೆ. ನಾವು ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರು. ಪಂಪನವರೆಗೆ ನಮ್ಮ ಕೈ ನಿಲುಕದು. ಆದುದರಿಂದ ನಮ್ಮ ಅಳವಿಗೆ ತಕ್ಕ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ. ಅದು ಪದಬಂಧ, ಅದರಲ್ಲಿಯೂ ಕೆಲಸ ಕಸುಬುಗಳ ಹೆಸರನ್ನು ಕೇಳುವ ಸುಳಿವುಗಳು.

ಈ ಆಟ ಮೂಲತಃ ನಮ್ಮದಲ್ಲ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಇದನ್ನು ಪ್ರಕಟಿಸಿದರು. ಕನ್ನಡಕ್ಕೆ ಬಂದ ಮೇಲೆ ಅದು ನಮ್ಮ ನೀರು ಕುಡಿದು ನಮ್ಮದೇ ಆಯಿತು, ಎ. ಎನ್. ಪ್ರಹ್ಲಾದ ರಾವ್ ಅವರಂಥವರು ಸಾವಿರಾರು ಪದಬಂಧಗಳನ್ನು ಹೆಣೆದುಕೊಟ್ಟರು. ಇಂಗ್ಲಿಷಿನ ಒಂದೊಂದು ಮನೆಯಲ್ಲಿ ಒಂಟಿ ಲೆಟರು ವಾಸ. ನಮ್ಮ ಅಕ್ಷರವಾದರೋ ಒತ್ತು, ಕೊಂಬು, ಸೊನ್ನೆ ಎಂದು ಸಂಸಾರಸಮೇತ ಒಂದೇ ಮನೆಯಲ್ಲಿ ಇಳಿದುಕೊಳ್ಳುತ್ತದೆ. ‘ಕ್ಲರ್ಕ್’ ಎನ್ನಲು ಇಂಗ್ಲಿಷಿನಲ್ಲಿ ಐದು ಮನೆ ಬೇಕು. ನಮ್ಮ ‘ಗುಮಾಸ್ತ’ನಿಗೆ ಮೂರು ಸಾಕು. ಕೋಲ್ಕತ್ತದ ಬಾಡಿಗೆಯನ್ನು ನೋಡಿದರೆ ಗುಮಾಸ್ತನಿಗೆ ಮೂರೇ ಹೆಚ್ಚು!

ನಮ್ಮ ತಂದೆಯವರು ಊರಿನಲ್ಲಿ ಪತ್ರಿಕೆಯ ಪದಬಂಧಗಳನ್ನು ಕತ್ತರಿಸಿಟ್ಟು, ಹಪ್ಪಳ ಸಂಡಿಗೆಯ ಡಬ್ಬಿಯೊಡನೆ ಕಳುಹಿಸುತ್ತಾರೆ. ಭಾನುವಾರ ಊಟವಾದ ಮೇಲೆ ನಾವು, ಮನೆಯವರು, ಒಂಬತ್ತು ವರ್ಷದ ಮಗಳು ಮೂವರೂ ಚಾಪೆಯ ಮೇಲೆ ಕೂಡುತ್ತೇವೆ. ಮಗಳು ಓದುವುದು ಇಂಗ್ಲಿಷು, ಆಡುವುದು ಬಂಗಾಳಿ. ಕನ್ನಡ ಮನೆಯೊಳಗೆ ಮಾತ್ರ.

ಒಂದು ದಿನ ‘ಹೊಟ್ಟೆಪಾಡಿನ ದಾರಿ’ ಎಂಬ ಸುಳಿವು ಬಂದಿತು, ಮೂರು ಮನೆ. ನಾವು ‘ನೌಕರಿ’ ಎಂದೆವು. ಮನೆಯವರು ‘ದುಡಿಮೆ’ ಎಂದರು. ಮಗಳು ಹಿಂದುಮುಂದು ನೋಡದೆ ‘ಚಾಕರಿ’ ಎಂದಳು. ನಮಗೆ ಚುರುಕ್ಕೆಂದಿತು. ಕನ್ನಡದಲ್ಲಿ ಚಾಕರಿ ಎಂದರೆ ಇನ್ನೊಬ್ಬರ ಮನೆಯ ಊಳಿಗ. ಆದರೆ ಬಂಗಾಳಿಯಲ್ಲಿ ‘ಚಾಕ್ರಿ’ ಎಂದರೆ ಗೌರವದ ಉದ್ಯೋಗ. ಹೆಣ್ಣು ಕೊಡುವವರು ವಿಚಾರಿಸುವ ಮಾತು. ಪಾರಸಿಯಿಂದ ಬಂದ ಒಂದೇ ಪದ ಅಲ್ಲಿ ಚಾವಡಿಯಲ್ಲಿ ಕುಳಿತಿತು, ಇಲ್ಲಿ ಹಿತ್ತಲಿನಲ್ಲಿ ನಿಂತಿತು. ಉದ್ಯೋಗ, ಕಸುಬು, ಕೆಲಸ, ಕಾಯಕ, ಇವೆಲ್ಲವೂ ಮೂರೇ ಮನೆಯವು! ಕೊನೆಗೆ ಮೇಲಿನಿಂದ ಇಳಿದುಬಂದ ‘ಕಾವೇರಿ’ ಮೊದಲ ಮನೆಯಲ್ಲಿ ‘ಕಾ’ ಇಟ್ಟಳು, ಉತ್ತರ ‘ಕಾಯಕ’ವಾಯಿತು. ಇದರಿಂದ ನಾವು ಕಲಿತುದೇನೆಂದರೆ, ಅಡ್ಡ ಹಾಯುವ ಪದ ಸಿಕ್ಕುವವರೆಗೆ ಶಾಯಿ ಮುಟ್ಟಬಾರದು, ಪೆನ್ಸಿಲಿನಲ್ಲೇ ಬರೆಯಬೇಕು.

ಇನ್ನೊಂದು ಉಪಾಯ, ಪದದ ಬಾಲವನ್ನು ಹಿಡಿಯುವುದು. ಕಸುಬಿನವರು ‘ಇಗ’ದಲ್ಲಿ ಮುಗಿಯಬಹುದು: ಅಂಬಿಗ, ಗಾಣಿಗ, ಅಕ್ಕಸಾಲಿಗ. ‘ಗಾರ’ದಲ್ಲಿ ಮುಗಿಯಬಹುದು: ಬಳೆಗಾರ, ಕೂಲಿಗಾರ. ಕಚೇರಿಯವನಾದರೆ ‘ದಾರ’: ತಹಶೀಲ್ದಾರ, ಶಿರಸ್ತೇದಾರ. ನೆರೆಯವರ ಭಾಷೆಯೂ ಸಹಾಯಕ್ಕೆ ಬರುತ್ತದೆ. ಈ ಊರಿಗೆ ಬಂದ ಹೊಸತರಲ್ಲಿ ನಾವು ಕುಮಾರಟುಲಿಯನ್ನು ರಾಜಕುಮಾರರ ಕೇರಿ ಎಂದು ತಿಳಿದಿದ್ದೆವು. ಹೋಗಿ ನೋಡಿದರೆ ಹುಲ್ಲು, ಬಿದಿರು, ಗಂಗೆಯ ಮಣ್ಣು, ಅರ್ಧ ಮುಗಿದ ದುರ್ಗೆಯರು! ಅಲ್ಲಿಯ ಕುಮಾರ ನಮ್ಮ ಕುಂಬಾರನೇ. ಇಬ್ಬರ ಮೂಲವೂ ‘ಕುಂಭಕಾರ’.

ಎಲ್ಲ ಸುಳಿವೂ ಹೀಗೆ ನಗೆಯಲ್ಲಿ ಮುಗಿಯುವುದಿಲ್ಲ. ‘ಹಳ್ಳಿಯ ಲೆಕ್ಕ ಬರೆಯುತ್ತಿದ್ದವ’, ನಾಲ್ಕು ಮನೆ. ನಾವು ‘ಶಾನುಭೋಗ’ ಎಂದೆವು. ಮಗಳು ಆ ಪದವನ್ನು ಕೇಳಿಯೇ ಇರಲಿಲ್ಲ. ನಮ್ಮ ಮುತ್ತಾತಂದಿರಿಂದ ಅಜ್ಜನವರೆಗೆ ಮನೆಯಲ್ಲಿ ನಡೆದುಬಂದ ಹುದ್ದೆ ಅದು. ನಮ್ಮ ಮಗಳಿಗೇ ಗೊತ್ತಿಲ್ಲ! ಕೂಡಲೇ ಊರಿಗೆ ಫೋನು ಮಾಡಿಸಿದೆವು. ತಂದೆಯವರಿಗೆ ಹಿಗ್ಗು. ಖಿರ್ದಿ, ಖಾತೆ, ಪಹಣಿ ಎಲ್ಲವನ್ನೂ ಹೇಳಿದರು. ತಳವಾರ, ತೋಟಿ, ಕೆರೆಯ ತೂಬು ತೆಗೆಯುವ ನೀರಗಂಟಿ ಇವರನ್ನೂ ಹೇಳಿದರು. ಎಲ್ಲ ಹುದ್ದೆಯೂ ತಂದೆಯಿಂದ ಮಗನಿಗೆ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಆ ಪದ್ಧತಿ ಕೊನೆಗಂಡಿತು. ಆಗ ತಂದೆಯವರು ಏಳು ವರ್ಷದ ಹುಡುಗ.

ಮಗಳು ಕೇಳಿದಳು: “ಹಾಗಾದರೆ ಅಜ್ಜ, ನೀರಗಂಟಿಯ ಮಗ ಶಾನುಭೋಗ ಆಗೋ ಹಾಗೆ ಇರಲಿಲ್ಲವಾ?”

ಫೋನು ಕೊಂಚ ಹೊತ್ತು ಸುಮ್ಮನಾಯಿತು. ಆಮೇಲೆ ತಂದೆಯವರು, “ಇರಲಿಲ್ಲ ಮಗು. ಹೋದದ್ದೇ ಒಳ್ಳೇದಾಯ್ತು” ಎಂದರು. ಆ ಹುದ್ದೆ ಹೋದ ದುಃಖವನ್ನು ನಮ್ಮ ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೆವು. ಈ ಮಾತನ್ನು ಅವರ ಬಾಯಿಂದ ಕೇಳಿದುದು ಅದೇ ಮೊದಲು. ಮಗಳಿಗೆ ಆ ಪದವೇ ತಿಳಿಯದೆ ಹೋಗಿದ್ದರೆ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ. ಹಳೆಯ ಕಟ್ಟು ಹೋಗಲಿ, ಆದರೆ ಪದ ಉಳಿಯಲಿ ಎಂದು ನಾವು ಹೇಳುವುದು ಇದಕ್ಕಾಗಿ. ಹೆಸರು ಮರೆತರೆ ಅದರೊಳಗಿನ ಹಿರಿಮೆಯೂ ಅನ್ಯಾಯವೂ ಒಟ್ಟಿಗೆ ಮರೆತುಹೋಗುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ ಎಂದು ಶರಣರು ಕಸುಬನ್ನೇ ಹೆಸರಿನ ಮುಂದೆ ಧರಿಸಿ, ಅದರ ಕೀಳರಿಮೆಯನ್ನು ತೊಳೆದರು. ಆ ಹೆಸರುಗಳನ್ನು ಅರ್ಥಮಾಡಿಕೊಳ್ಳುವುದಕ್ಕಾದರೂ ಕಸುಬಿನ ಪದಗಳು ನಮ್ಮ ಮಕ್ಕಳಿಗೆ ಬೇಕು.

ಕೊನೆಗೊಂದು ಸುಳಿವು. ‘ತಿಂಗಳಿಗೊಮ್ಮೆ ಬರುವುದು’, ಮೂರು ಮನೆ. ಚಂದ್ರನಲ್ಲ, ‘ಸಂಬಳ’! ಇದು ಸಂಸ್ಕೃತದ ‘ಶಂಬಲ’ದಿಂದ ಬಂದ ಮಾತು, ಅಲ್ಲಿ ಅದರ ಅರ್ಥ ದಾರಿಯ ಬುತ್ತಿ. ಮೇಲಿನ ಮನೆಯ ಬಂಗಾಳಿ ಅಜ್ಜಿಯನ್ನು ಮಗಳು ಕೇಳಿಬಂದಳು. ಅವರ ಭಾಷೆಯಲ್ಲಿಯೂ ಈ ಪದ ಉಂಟು. ಆದರೆ ಅವರಿಗೆ ಅದು ತಿಂಗಳ ಪಗಾರವಲ್ಲ, ಬದುಕಿಗೆ ಕೈಯಲ್ಲಿ ಉಳಿದಿರುವ ಆಧಾರ.

ಊರು ಬಿಟ್ಟು ಬಂದವರು ನಾವೆಲ್ಲ. ಒಂದನೆಯ ತಾರೀಖಿಗೆ ಬರುವ ಸಂಬಳ ಬಾಡಿಗೆಗೆ, ಶಾಲೆಯ ಫೀಸಿಗೆ, ಮೀನಿನ ವಾಸನೆಯ ನಡುವೆ ಹುಡುಕಿ ತರುವ ಬೇಳೆ ತರಕಾರಿಗೆ ಕರಗಿಹೋಗುತ್ತದೆ. ಮಕ್ಕಳ ದಾರಿಗೆ ಕಟ್ಟಿಕೊಡಬಹುದಾದ ಇನ್ನೊಂದು ಸಂಬಳ ನಮ್ಮ ಕೈಯಲ್ಲಿದೆ. ಅದಕ್ಕೆ ಹಣ ಬೇಡ. ವಾರಕ್ಕೆ ಒಂದು ಗಂಟೆ, ಒಂದು ಪೆನ್ಸಿಲು, ಒಂದು ಚಾಪೆ ಸಾಕು. ಉತ್ತರ ಹೊಳೆಯದಿದ್ದರೆ ಊರಿಗೆ ಒಂದು ಫೋನು ಮಾಡಿ; ಅಲ್ಲಿ ಯಾರೋ ಕಾಯುತ್ತಿರುತ್ತಾರೆ.